ವಿಶ್ವವಿದ್ಯಾಲಯದ ಮೂರನೆಯ ಅಂಗ

ಲೋಕಾಪುರ ಭಾಗದ ಒಂದೇ ಮನೆತನದಲ್ಲಿ ಮೂವರು ಪದವೀಧರರಿದ್ದರೆ ಅವರ ಪದವಿ ಪತ್ರಗಳ ಮೇಲೆ ಮೂರು ಬೇರೆ ಬೇರೆ ವಿಶ್ವವಿದ್ಯಾಲಯಗಳ ಹೆಸರು ಇರಬಹುದು. ಹಿರಿಯರದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. 2010ರ ನಂತರ ಕಾಲೇಜು ಸೇರಿದವರದು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಈಗಿನ ಮಕ್ಕಳ ಪತ್ರಕ್ಕೆ 2023ರಲ್ಲಿ ಜಮಖಂಡಿಯಲ್ಲಿ ಆರಂಭವಾದ ಬಾಗಲಕೋಟೆ ವಿಶ್ವವಿದ್ಯಾಲಯದ ಮುದ್ರೆ. ಸುಮಾರು ನೂರು ಕಿಲೋಮೀಟರ್ ದೂರದಲ್ಲಿದ್ದ ವಿಶ್ವವಿದ್ಯಾಲಯ ಒಂದು ತಾಸಿನ ಹಾದಿಗೆ ಬಂದಿತು.

ಬಂದು ಎರಡು ವರ್ಷ ತುಂಬುವುದರೊಳಗೆ, 2025ರ ಆರಂಭದಲ್ಲಿ, ಹಣಕಾಸಿನ ಕೊರತೆಯ ಕಾರಣ ಮುಂದೊಡ್ಡಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಹಲವನ್ನು ಮುಚ್ಚುವ ಇಲ್ಲವೆ ಹಳೆಯವುಗಳಲ್ಲಿ ವಿಲೀನಗೊಳಿಸುವ ಮಾತು ಸರ್ಕಾರದ ಮಟ್ಟದಲ್ಲಿ ಕೇಳಿಬಂತು. ಆ ಪಟ್ಟಿಯಲ್ಲಿ ಬಾಗಲಕೋಟೆಯ ಹೆಸರೂ ಇತ್ತು. ಆಗ ಎದ್ದ ಚರ್ಚೆ ಬಹುಮಟ್ಟಿಗೆ ಕಟ್ಟಡ, ಅನುದಾನ, ಹುದ್ದೆಗಳ ಸುತ್ತಲೇ ಸುತ್ತಿತು. ಅದಕ್ಕಿಂತ ಹಳೆಯದಾದ ಪ್ರಶ್ನೆಯೊಂದು ಅದರ ಹಿಂದೆ ಇದೆ. ಕಾಲೇಜಿನ ಮೆಟ್ಟಿಲು ಹತ್ತದ ರೈತನಿಗೆ, ನೇಕಾರನಿಗೆ, ಅಂಗಡಿಕಾರನಿಗೆ ವಿಶ್ವವಿದ್ಯಾಲಯದಿಂದ ಆಗಬೇಕಾದದ್ದೇನು? ಪರೀಕ್ಷೆ ನಡೆಸಿ ಅಂಕಪಟ್ಟಿ ಕೊಡುವುದಷ್ಟೇ ಅದರ ಕೆಲಸವಾದರೆ ಕಚೇರಿ ಜಮಖಂಡಿಯಲ್ಲಿದ್ದರೇನು, ಬೆಳಗಾವಿಯಲ್ಲಿದ್ದರೇನು?

ಈ ಪ್ರಶ್ನೆಗೆ ಕನ್ನಡ ನಾಡು ಹಿಂದೆಯೇ ಉತ್ತರ ಹುಡುಕಿದೆ. ಕೆಲವು ಉತ್ತರಗಳು ಬಾಳಿದವು, ಕೆಲವು ಬಾಳಲಿಲ್ಲ. ಯಾವುದು ಏಕೆ ಬಾಳಿತು ಎಂಬುದನ್ನು ತಿಳಿಯಲು ಇತಿಹಾಸದ ಕೆಲವು ಪುಟಗಳನ್ನು ತಿರುವಬೇಕು.

ಮದುವೆ ಮನೆಯಿಂದ ಶಾಲೆಗೆ

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ ಸಾಲೋಟಗಿ ಎಂಬ ಊರಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವೊಂದು ಅಲ್ಲಿ ದೊರೆತಿದೆ. ದೊರೆಯ ಮಂತ್ರಿ ನಾರಾಯಣ ಎಂಬಾತ ಅಲ್ಲಿ ವಿದ್ಯಾಶಾಲೆಯೊಂದನ್ನು ಕಟ್ಟಿಸಿದ. ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕೆ 27 ಮನೆಗಳಿದ್ದವು. ದೀಪದ ಎಣ್ಣೆಗೆ, ಉಪಾಧ್ಯಾಯರ ಜೀವನಕ್ಕೆ ಭೂಮಿಯನ್ನು ಬಿಟ್ಟುಕೊಡಲಾಗಿತ್ತು.

ಶಾಸನದ ಇನ್ನೊಂದು ಭಾಗ ಇನ್ನೂ ಸ್ವಾರಸ್ಯಕರವಾಗಿದೆ. ಊರಲ್ಲಿ ಮದುವೆ, ಉಪನಯನ, ಚೌಲ ನಡೆದಾಗಲೆಲ್ಲ ಆ ಮನೆಯವರು ಶಾಲೆಗೆ ಇಂತಿಷ್ಟು ಹಣ ಸಲ್ಲಿಸಬೇಕೆಂದು ಗೊತ್ತುಮಾಡಲಾಗಿತ್ತು. ಮದುವೆಗೆ ಹೆಚ್ಚು, ಉಪನಯನಕ್ಕೆ ಅದಕ್ಕಿಂತ ಕಡಿಮೆ, ಚೌಲಕ್ಕೆ ಇನ್ನೂ ಕಡಿಮೆ. ರಾಜಾಶ್ರಯ ಒಂದು ಕಡೆಗಿದ್ದರೂ ಊರಿನ ಮಂಗಳಕಾರ್ಯಗಳಲ್ಲಿ ಶಾಲೆಗೆ ಒಂದು ಪಾಲು ಇತ್ತು. ಆದರೆ ಆ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನೂ ಹೇಳಬೇಕು. ಅದು ವೈದಿಕ ವಿದ್ಯೆಯ, ಅಗ್ರಹಾರದ ಶಾಲೆ.

ಅದೇ ಶತಮಾನದಲ್ಲಿ ವಿದ್ಯೆ ಬೇರೆ ದಾರಿಗಳನ್ನೂ ಕಂಡಿತು. ಲೋಕಾಪುರ ಸೇರಿರುವ ಮುಧೋಳ ತಾಲೂಕಿನ ಹೆಮ್ಮೆಯ ಕವಿ ರನ್ನ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಓದಬೇಕೆಂಬ ಹಂಬಲದಿಂದ ದೂರದ ಶ್ರವಣಬೆಳಗೊಳದವರೆಗೆ ಹೋಗಿ ಅಜಿತಸೇನಾಚಾರ್ಯರಲ್ಲಿ ಕಲಿತ. ಅವನಿಗೆ ಆಶ್ರಯವಿತ್ತ ಅತ್ತಿಮಬ್ಬೆ, ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಪ್ರಸಿದ್ಧ. ಅಚ್ಚುಕೂಟವಿಲ್ಲದ ಕಾಲದಲ್ಲಿ ಓಲೆಯ ಮೇಲೆ ಸಾವಿರ ಪ್ರತಿ ಎಂದರೆ ಎಷ್ಟು ಲಿಪಿಕಾರರ ಎಷ್ಟು ದಿನಗಳ ಶ್ರಮ ಎಂಬುದನ್ನು ಊಹಿಸಬಹುದು. ಪುಸ್ತಕ ಭಂಡಾರದಲ್ಲಿ ಉಳಿಯದೆ ಓದುಗರ ಕೈ ಸೇರಬೇಕೆಂಬ ವಿಚಾರ ಈ ನಾಡಿಗೆ ಹೊಸದಲ್ಲ ಎಂಬುದಕ್ಕೆ ಈ ಸಂಗತಿ ಸಾಕ್ಷಿ.

ಜನ ಕಟ್ಟಿದ ಕಾಲೇಜುಗಳು

ಬ್ರಿಟಿಷರ ಆಳ್ವಿಕೆಯಲ್ಲಿ ಉತ್ತರ ಕರ್ನಾಟಕದ ಬಹುಭಾಗ ಮುಂಬೈ ಪ್ರಾಂತಕ್ಕೆ ಸೇರಿತು. ಜಮಖಂಡಿ, ಮುಧೋಳಗಳು ಸಣ್ಣ ಸಂಸ್ಥಾನಗಳಾಗಿ ಉಳಿದವು. ಮುಂಬೈ ವಿಶ್ವವಿದ್ಯಾಲಯ 1857ರಲ್ಲಿ ಸ್ಥಾಪನೆಯಾದರೂ ಈ ಭಾಗದ ಹುಡುಗರು ಪದವಿ ಓದಲು ಪುಣೆಗೋ ಮುಂಬೈಗೋ ಹೋಗಬೇಕಿತ್ತು. ಜಮಖಂಡಿಯಲ್ಲಿ 1886ರಲ್ಲಿ ಜನಿಸಿದ ತತ್ತ್ವಶಾಸ್ತ್ರಜ್ಞ ಗುರುದೇವ ರಾ.ದ. ರಾನಡೆ ಹಾಗೆ ಹೋದವರಲ್ಲಿ ಒಬ್ಬರು. ಮುಂದೆ ಅವರು ಅಲಹಾಬಾದ್ ವಿಶ್ವವಿದ್ಯಾಲಯದ ಉಪಕುಲಪತಿಗಳಾದರು. ರಾನಡೆಯವರಂತೆ ಹೋಗಿ ಓದುವ ಅನುಕೂಲ ಎಲ್ಲರಿಗೂ ಇರಲಿಲ್ಲ. ಶಾಲೆಗಳಲ್ಲಿ ಮರಾಠಿಯ ಪ್ರಭಾವ, ಕಾಲೇಜುಗಳಲ್ಲಿ ಇಂಗ್ಲಿಷಿನ ಒಡೆತನ. ಕನ್ನಡಕ್ಕೆ ಎರಡೂ ಕಡೆ ಜಾಗ ಕಡಿಮೆ.

ಹೀಗಾಗಿ ವಿಶ್ವವಿದ್ಯಾಲಯ ಮಾಡಬೇಕಾದ ಕೆಲಸವನ್ನು ಅದು ಬರುವ ಮುಂಚೆಯೇ ಜನರ ಸಂಘಗಳು ಕೈಗೆತ್ತಿಕೊಂಡವು. 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಪುಸ್ತಕ ಬರೆಸುವುದು, ಪ್ರಕಟಿಸುವುದು, ‘ವಾಗ್ಭೂಷಣ’ ಪತ್ರಿಕೆ ನಡೆಸುವುದು, ಉಪನ್ಯಾಸ ಏರ್ಪಡಿಸುವುದು ಅದರ ಉದ್ಯೋಗವಾಯಿತು. ಬಾಗಲಕೋಟೆಯಲ್ಲಿ 1906ರಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ, ವಿಜಾಪುರದಲ್ಲಿ 1910ರಲ್ಲಿ ಬಿ.ಎಲ್.ಡಿ.ಇ., ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಸಂಸ್ಥೆಗಳು ತಲೆ ಎತ್ತಿದವು. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಗುವಲ್ಲಿ ರೊದ್ದ ಶ್ರೀನಿವಾಸರಾಯರಂಥವರ ಓಡಾಟವಿತ್ತು, ಸಾರ್ವಜನಿಕರ ವಂತಿಗೆಯೂ ಇತ್ತು. ಮಠಾಧೀಶರು, ದೇಸಾಯರು, ವಕೀಲರು, ವರ್ತಕರು, ಶಾಲಾ ಮಾಸ್ತರರು ಕೂಡಿ ಕಟ್ಟಿದ ಸಂಸ್ಥೆಗಳಿವು. ಉತ್ತರ ಕರ್ನಾಟಕದ ಉನ್ನತ ಶಿಕ್ಷಣ ಜನರ ಋಣದಲ್ಲೇ ಕಣ್ಣು ತೆರೆಯಿತು ಎಂದರೆ ಅತಿಶಯೋಕ್ತಿಯಲ್ಲ.

ಪ್ರೊಫೆಸರರ ತಿರುಗಾಟ

1911ರಲ್ಲಿ ಇದೇ ವಿದ್ಯಾವರ್ಧಕ ಸಂಘಕ್ಕೆ ಮೈಸೂರಿನಿಂದ ಇಂಗ್ಲಿಷ್ ಅಧ್ಯಾಪಕರೊಬ್ಬರು ಬಂದು ಕನ್ನಡದ ಏಳಿಗೆಯ ಬಗ್ಗೆ ಕನ್ನಡದಲ್ಲಿ ಭಾಷಣ ಮಾಡಿದರು. ಅವರೇ ಬಿ.ಎಂ. ಶ್ರೀಕಂಠಯ್ಯ. ಆಗ ಅವರಿಗೆ 27 ವರ್ಷ. ‘ಕನ್ನಡ ಮಾತು ತಲೆ ಎತ್ತುವ ಬಗೆ’ ಎಂಬ ಹೆಸರಿನಿಂದ ಖ್ಯಾತವಾದ ಆ ಭಾಷಣ ಹೊಸಗನ್ನಡದ ಚರಿತ್ರೆಯಲ್ಲಿ ಒಂದು ಮೈಲಿಗಲ್ಲು. ಮುಂದೆ ಅವರು ಊರೂರು ತಿರುಗಿ ಭಾಷಣ ಮಾಡಿದರು. ಕೊನೆಗೆ ಧಾರವಾಡದ ಕಾಲೇಜೊಂದರ ಪ್ರಾಂಶುಪಾಲರಾಗಿದ್ದಾಗಲೇ 1946ರಲ್ಲಿ ತೀರಿಕೊಂಡರು.

ಅಧ್ಯಾಪಕ ತರಗತಿಯಿಂದ ಹೊರಬಂದು ಜನರ ಮುಂದೆ ನಿಲ್ಲುವ ಈ ಪದ್ಧತಿಗೆ ಇಂಗ್ಲೆಂಡಿನಲ್ಲಿ ಒಂದು ಪೂರ್ವಕಥೆ ಇದೆ. ಕೇಂಬ್ರಿಜ್‌ನ ಜೇಮ್ಸ್ ಸ್ಟುವರ್ಟ್ 1867ರಲ್ಲಿ ಉತ್ತರ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳಲ್ಲಿ ಮಹಿಳೆಯರಿಗಾಗಿ, ಬಳಿಕ ಕಾರ್ಮಿಕರಿಗಾಗಿ ಉಪನ್ಯಾಸ ಕೊಡತೊಡಗಿದರು. ರಾಚ್‌ಡೇಲ್ ಪಟ್ಟಣದಲ್ಲಿ ಒಂದು ದಿನ ಹೊರಡುವ ಅವಸರದಲ್ಲಿ ಪಾಠದ ಚಿತ್ರಪಟಗಳನ್ನು ಗೋಡೆಯ ಮೇಲೆಯೇ ಬಿಟ್ಟುಹೋದರು. ಮರುವಾರ ಬಂದಾಗ ಸಭಾಂಗಣದ ಕಾವಲುಗಾರ ಅವರನ್ನು ಹೊಗಳಿದ. ಆ ಪಟಗಳ ಮುಂದೆ ನಿಂತು ಕಾರ್ಮಿಕರು ತಮ್ಮತಮ್ಮಲ್ಲೇ ಚರ್ಚಿಸಿದ್ದರು, ಪ್ರಶ್ನೆ ಕೇಳಲೆಂದು ಪಾಠಕ್ಕೆ ಮುಂಚೆಯೇ ಬರುವವರಿದ್ದರು. ಒಬ್ಬರು ಹೇಳಿ ಉಳಿದವರು ಕೇಳುವ ಸಭೆ ಅಂದಿನಿಂದ ಪ್ರಶ್ನೋತ್ತರದ ತರಗತಿಯಾಯಿತು. 1873ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಈ ಕೆಲಸವನ್ನು ತನ್ನದೆಂದು ಒಪ್ಪಿಕೊಂಡು ವ್ಯವಸ್ಥೆಗೊಳಿಸಿತು. ಒಬ್ಬ ವ್ಯಕ್ತಿಯ ಉತ್ಸಾಹ ಸಂಸ್ಥೆಯ ಕರ್ತವ್ಯವಾದದ್ದು ಅಲ್ಲಿ ಮುಖ್ಯವಾದ ಸಂಗತಿ.

ಬರಿಯ ಉತ್ಸಾಹದ ಮೇಲೆ ನಿಂತ ಕೆಲಸಗಳ ಗತಿ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೂ ನಿದರ್ಶನಗಳುಂಟು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದಾದ ಒಂದೆರಡು ವರ್ಷಗಳಲ್ಲೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರೊಡನೆ ‘ವಿಜ್ಞಾನ’ ಎಂಬ ಕನ್ನಡ ಪತ್ರಿಕೆ ಹೊರಡಿಸಿದರು. ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಸಾಮಾನ್ಯರ ಭಾಷೆಯಲ್ಲಿ ತಿಳಿಸುವ ಆ ಸಾಹಸ ಹೆಚ್ಚು ಕಾಲ ನಡೆಯಲಿಲ್ಲ. ಅದೇ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ಆರಂಭಿಸಿದ ‘ಪ್ರಬುದ್ಧ ಕರ್ನಾಟಕ’ ಮಾತ್ರ ಬಾಳಿತು. ಅದನ್ನು ಮುಂದೆ ವಿಶ್ವವಿದ್ಯಾಲಯವೇ ವಹಿಸಿಕೊಂಡು ನಡೆಸಿದ್ದು ಅದಕ್ಕೆ ಒಂದು ಮುಖ್ಯ ಕಾರಣ.

ಕುವೆಂಪು ಕೊಟ್ಟ ಹೆಸರು

ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು ಊರುಗಳಿಗೆ ಹೋಗಿ ಪ್ರಚಾರೋಪನ್ಯಾಸ ಕೊಡುವ, ಅದನ್ನು ಅಗ್ಗದ ಕಿರುಹೊತ್ತಗೆಯಾಗಿ ಅಚ್ಚು ಹಾಕಿಸುವ ಕೆಲಸ ಸ್ವಾತಂತ್ರ್ಯಕ್ಕೆ ಮುಂಚೆಯೇ ನಡೆದಿತ್ತು. ಅದಕ್ಕೆ ಗಟ್ಟಿಯಾದ ತಾತ್ವಿಕ ನೆಲೆ ಒದಗಿಸಿದವರು 1956ರಿಂದ 1960ರವರೆಗೆ ಉಪಕುಲಪತಿಗಳಾಗಿದ್ದ ಕುವೆಂಪು. ವಿಶ್ವವಿದ್ಯಾಲಯದ ಕಾರ್ಯವನ್ನು ಅವರು ಬೋಧನಾಂಗ, ಸಂಶೋಧನಾಂಗ, ಪ್ರಸಾರಾಂಗ ಎಂದು ಮೂರಾಗಿ ಕಂಡರು. ಕಲಿಸುವುದು ಒಂದು, ಹೊಸದನ್ನು ಹುಡುಕುವುದು ಇನ್ನೊಂದು, ಕಲಿತದ್ದನ್ನೂ ಹುಡುಕಿದ್ದನ್ನೂ ಜನರಿಗೆ ಮುಟ್ಟಿಸುವುದು ಮೂರನೆಯದು.

ಇಲ್ಲಿ ‘ಅಂಗ’ ಎಂಬ ಪದವನ್ನು ಗಮನಿಸಬೇಕು. ಅಂಗವೆಂದರೆ ದೇಹದ ಭಾಗ. ಆಭರಣವನ್ನು ತೆಗೆದಿಟ್ಟರೂ ದೇಹಕ್ಕೆ ಕೊರತೆಯಾಗದು, ಅಂಗ ಕಳೆದರೆ ಊನವಾಗುತ್ತದೆ. ಬಿಡುವಾದಾಗ ಮಾಡುವ ಸಮಾಜಸೇವೆಯಾಗಿ ಅಲ್ಲದೆ, ನಿರ್ದೇಶಕರು, ಸಿಬ್ಬಂದಿ, ಆಯವ್ಯಯ, ಮುದ್ರಣಾಲಯಗಳ ಆಸರೆಯಿರುವ ಒಂದು ವಿಭಾಗದ ದಿನನಿತ್ಯದ ಕೆಲಸವಾಗಿ ಜನಸಂಪರ್ಕ ಬೆಳೆಯಿತು. ಕನ್ನಡ ವಿಶ್ವಕೋಶದಂಥ ಯೋಜನೆಗಳು ಮುಂದೆ ಕೈಗೂಡಿದ್ದು ಇಂಥ ಹಿನ್ನೆಲೆಯಲ್ಲಿಯೇ. ಅದರ ಮೊದಲ ಸಂಪುಟ 1969ರಲ್ಲಿ ಹೊರಬಂತು. ಪ್ರಸಾರಾಂಗ ಎಂಬ ಹೆಸರು ಇಂದು ಕರ್ನಾಟಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ರೂಢಿಯಲ್ಲಿದೆ. ಹೊರಗಿನವರಿಗೆ ಅದು ಬರಿಯ ಪ್ರಕಟಣಾಲಯದ ಹೆಸರಿನಂತೆ ಕೇಳಿಸುತ್ತದೆ. ಅದರ ಅರ್ಥ ಅದಕ್ಕಿಂತ ವಿಶಾಲವಾಗಿತ್ತು.

ಧಾರವಾಡದ ಕಿರುಹೊತ್ತಗೆಗಳು

ಲೋಕಾಪುರದ ಹಿರಿಯ ತಲೆಮಾರಿಗೆ ಪರಿಚಿತವಾದ ವಿಶ್ವವಿದ್ಯಾಲಯ ಧಾರವಾಡದ್ದು. ಮುಂಬೈ ಶಾಸನಸಭೆಯ ಕಾಯ್ದೆಯಂತೆ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂತು. ಮೊದಲು ಮುಂಬೈಯಲ್ಲೇ ಇದ್ದ ಕಚೇರಿ ಅದೇ ವರ್ಷ ಧಾರವಾಡಕ್ಕೆ ಬಂದು, 1950ರ ಮಾರ್ಚ್‌ನಲ್ಲಿ ವಿಧ್ಯುಕ್ತ ಉದ್ಘಾಟನೆ ನಡೆಯಿತು. ಅದೇ 1950ರಲ್ಲಿ ಧಾರವಾಡ ಆಕಾಶವಾಣಿಯೂ ಆರಂಭವಾಯಿತು. ಗೋಕಾಕ ತಾಲೂಕಿನ ಮಮದಾಪುರದಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಗಣಿತದ ರ‍್ಯಾಂಗ್ಲರ್ ಆಗಿ ಬಂದ ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಉಪಕುಲಪತಿಗಳಾಗಿ ಅದನ್ನು ಬೆಳೆಸಿದರು.

ಈ ವಿಶ್ವವಿದ್ಯಾಲಯದ ವಿಸ್ತರಣ ಹಾಗೂ ಪ್ರಕಟಣ ವಿಭಾಗವನ್ನು ನೋಡಿಕೊಳ್ಳುವ ಹೊಣೆ ಬಿದ್ದದ್ದು ಒಬ್ಬ ತರುಣ ಕವಿಯ ಹೆಗಲಿಗೆ. ಗದಗ ಸಮೀಪದ ಹೊಂಬಳದ ಚೆನ್ನವೀರ ಕಣವಿಯವರು 1950ರ ದಶಕದ ಆರಂಭದಲ್ಲಿ ಈ ವಿಭಾಗ ಸೇರಿ, ಪ್ರಸಾರಾಂಗದ ನಿರ್ದೇಶಕರಾಗಿ 1983ರವರೆಗೆ ದುಡಿದರು. ಕವಿಯಾಗಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. ಮೂರು ದಶಕಗಳ ಕಾಲ ಅವರು ಮಾಡಿದ ಈ ಇನ್ನೊಂದು ಕೆಲಸ ಅಷ್ಟಾಗಿ ಸುದ್ದಿಯಾಗಲಿಲ್ಲ.

ಕೆಲಸದ ರೀತಿ ಸರಳ. ವಿದ್ವಾಂಸರೊಬ್ಬರು ವಿಶ್ವವಿದ್ಯಾಲಯದ ಪರವಾಗಿ ಊರಿಗೋ ಪಟ್ಟಣಕ್ಕೋ ಹೋಗಿ ತಮ್ಮ ವಿಷಯದ ಮೇಲೆ ಕನ್ನಡದಲ್ಲಿ ಮಾತಾಡುವುದು, ಆ ಮಾತು ‘ಉಪನ್ಯಾಸ ಗ್ರಂಥಮಾಲೆ’ಯ ಒಂದು ಪುಟ್ಟ ಪುಸ್ತಕವಾಗುವುದು. ಸಾಹಿತ್ಯ, ಇತಿಹಾಸ, ವಿಜ್ಞಾನ, ಆರೋಗ್ಯ, ಅರ್ಥಶಾಸ್ತ್ರ ಹೀಗೆ ಯಾವ ವಿಷಯವೂ ವರ್ಜ್ಯವಲ್ಲ. ದಪ್ಪ ಪುಸ್ತಕ ಕೊಳ್ಳಲಾಗದ ಪ್ರಾಥಮಿಕ ಶಾಲೆಯ ಮಾಸ್ತರರಿಗೂ ಈ ಪುಸ್ತಕಗಳು ಎಟುಕುತ್ತಿದ್ದವು. ಹಳೆಯ ವಾಚನಾಲಯಗಳ ಕಪಾಟುಗಳಲ್ಲಿ ಇವು ಇಂದಿಗೂ ಕಣ್ಣಿಗೆ ಬೀಳುವುದುಂಟು.

ಈ ಪದ್ಧತಿಯ ಲಾಭ ಕೇಳುಗರಿಗಷ್ಟೇ ಆಗಲಿಲ್ಲ. ಊರ ಸಭೆಗೆ ಅರ್ಥಶಾಸ್ತ್ರ ತಿಳಿಸಬೇಕಾದ ಅಧ್ಯಾಪಕ ಇಂಗ್ಲಿಷ್ ಪರಿಭಾಷೆಗೆ ಕನ್ನಡ ಮಾತು ಹುಡುಕಬೇಕು. ಸಂತೆಯ ಲೆಕ್ಕ, ಸಾಲದ ಬಡ್ಡಿ, ಜೋಳದ ಧಾರಣೆಗಳನ್ನು ಉದಾಹರಣೆಗೆ ತರಬೇಕು. ತನಗೆ ಎಷ್ಟು ಅರ್ಥವಾಗಿದೆ ಎಂಬುದು ಅಲ್ಲಿ ಅವನಿಗೇ ಗೊತ್ತಾಗುತ್ತದೆ. ಕನ್ನಡದಲ್ಲಿ ಶಾಸ್ತ್ರ ಬರೆಯುವ ಒಂದು ತಲೆಮಾರು ಸಿದ್ಧವಾದದ್ದರಲ್ಲಿ ಇಂಥ ಅನಿವಾರ್ಯತೆಯ ಪಾಲೂ ಇದೆ.

ಊರಿನಿಂದ ಬಂದ ವಿದ್ಯೆ

ವಿಶ್ವವಿದ್ಯಾಲಯ ಹೇಳಬೇಕು, ಜನ ಕೇಳಬೇಕು ಎಂಬುದಷ್ಟೇ ಈ ಸಂಬಂಧವಾದರೆ ಅದು ಅರ್ಧ ಸತ್ಯ. ವಿಜಾಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಯಾವ ವಿಶ್ವವಿದ್ಯಾಲಯದ ಸಂಬಳವನ್ನೂ ಪಡೆಯದೆ ಮನೆ ಮನೆ, ಮಠ ಮಠ ಸುತ್ತಿ ವಚನಗಳ ಓಲೆಗರಿಗಳನ್ನು ಕೂಡಿಹಾಕಿದರು. 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಪೂಜೆಯ ಕೋಣೆಗಳಲ್ಲಿ ಸಾಮಾನ್ಯ ಜನ ಕಾಪಾಡಿಕೊಂಡು ಬಂದದ್ದು ಮುಂದೆ ವಿಶ್ವವಿದ್ಯಾಲಯಗಳ ಪಠ್ಯವಾಯಿತು, ಪಿಎಚ್.ಡಿ. ವಿಷಯವಾಯಿತು. ಕರ್ನಾಟಕ ವಿಶ್ವವಿದ್ಯಾಲಯ 1956ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿ ಈ ಋಣವನ್ನು ಒಪ್ಪಿಕೊಂಡಿತು.

ಅದೇ ದಶಕದಲ್ಲಿ ಬಿ.ಎಸ್. ಗದ್ದಗಿಮಠ ಅವರು ಕನ್ನಡ ಜನಪದ ಗೀತೆಗಳ ಮೇಲೆ ಡಾಕ್ಟರೇಟ್ ಪಡೆದರು. ಬೀಸುಕಲ್ಲಿನ ಮುಂದೆ, ಸೋಬಾನೆಯಲ್ಲಿ, ಹೊಲದ ಬದುವಿನಲ್ಲಿ ಹೆಣ್ಣುಮಕ್ಕಳು ಹಾಡಿಕೊಂಡು ಬಂದದ್ದು ವಿದ್ವತ್ತಿನ ವಿಷಯವಾಗಬಲ್ಲುದು ಎಂದು ವಿಶ್ವವಿದ್ಯಾಲಯ ಮನಗಂಡಿತು. ಆ ಬಳಿಕ ಎಷ್ಟೋ ಸಂಶೋಧಕರು ಧ್ವನಿಮುದ್ರಿಕೆ ಹಿಡಿದು ಹಳ್ಳಿಗಳಿಗೆ ಹೋದರು. ಅವರು ಬರೆದದ್ದು ಹಾಡಿದವರ ಊರಿಗೆ ಎಷ್ಟರಮಟ್ಟಿಗೆ ಮರಳಿತು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಮುಧೋಳ ಬೇಟೆನಾಯಿಯದೂ ಇಂಥದೇ ಕಥೆ. ಈ ತಳಿಯನ್ನು ತಲೆಮಾರುಗಳಿಂದ ಸಾಕಿ ಉಳಿಸಿದವರು ಇಲ್ಲಿನ ಹಳ್ಳಿಯ ಜನ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ತೆರೆದದ್ದು ಆಮೇಲೆ. ಇಲ್ಲಿ ಸಾಕುವವರ ಅನುಭವವೇ ಸಂಶೋಧನೆಗೆ ಬುನಾದಿ.

ಹೊಲದಲ್ಲಿ ನಡೆದ ಪ್ರಯೋಗ

ಜನಸಂಪರ್ಕ ಸಂಸ್ಥೆಯ ಸ್ವಭಾವವೇ ಆಗಿಹೋದ ಉದಾಹರಣೆ ಬೇಕಾದರೆ ಕೃಷಿ ವಿಶ್ವವಿದ್ಯಾಲಯಗಳನ್ನು ನೋಡಬೇಕು. ಅಮೆರಿಕದಲ್ಲಿ 1862ರ ಕಾಯ್ದೆಯಂತೆ ಭೂಮಿ ಪಡೆದು ಹುಟ್ಟಿದ ಕಾಲೇಜುಗಳಿಗೆ 1914ರ ಇನ್ನೊಂದು ಕಾಯ್ದೆ ವಿಸ್ತರಣೆಯ ಹೊಣೆಯನ್ನು ಹಣದ ಸಮೇತ ವಹಿಸಿತು. ಅದೇ ಮಾದರಿಯಲ್ಲಿ 1960ರ ದಶಕದಲ್ಲಿ ಬೆಂಗಳೂರಿನಲ್ಲಿಯೂ 1986ರಲ್ಲಿ ಧಾರವಾಡದಲ್ಲಿಯೂ ಕೃಷಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾದವು. ಇವುಗಳಲ್ಲಿ ವಿಸ್ತರಣೆಗೆಂದೇ ನಿರ್ದೇಶಕರಿದ್ದಾರೆ, ಕೃಷಿ ವಿಜ್ಞಾನ ಕೇಂದ್ರಗಳಿವೆ.

1972ರಲ್ಲಿ ಬಿಡುಗಡೆಯಾದ ‘ವರಲಕ್ಷ್ಮಿ’ ಹತ್ತಿಯನ್ನು ರೂಪಿಸಿದ ಬಿ.ಎಚ್. ಕತರಕಿಯವರ ಪ್ರಯೋಗ ನಡೆದದ್ದು ಧಾರವಾಡದಲ್ಲಿ. ಹೊಲಕ್ಕೆ ಬಂದ ತಳಿಯ ಗುಣದೋಷಗಳನ್ನು ರೈತ ಒಂದೇ ಹಂಗಾಮಿನಲ್ಲಿ ಹೇಳಿಬಿಡುತ್ತಾನೆ. ಆ ಮಾತು ಪ್ರಯೋಗಾಲಯಕ್ಕೆ ಮುಟ್ಟದಿದ್ದರೆ ಸಂಶೋಧನೆ ನಿಷ್ಪ್ರಯೋಜಕ. ಧಾರವಾಡದ ಕೃಷಿ ಮೇಳ, 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಮೇಳಗಳಿಗೆ ಬುತ್ತಿ ಕಟ್ಟಿಕೊಂಡು ಹೋಗುವ ರೈತರಿಗೆ ಅದು ಯಾರದೋ ವಿಶ್ವವಿದ್ಯಾಲಯ ಅನ್ನಿಸುವುದಿಲ್ಲ.

ಅಂಕಗಳ ಲೆಕ್ಕ

ಉಳಿದ ವಿಶ್ವವಿದ್ಯಾಲಯಗಳಲ್ಲಿ ಹೀಗಾಯಿತೇ? ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. 1977ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಬೋಧನೆ, ಸಂಶೋಧನೆಗಳ ಜೊತೆಗೆ ವಿಸ್ತರಣೆಯೂ ಉನ್ನತ ಶಿಕ್ಷಣದ ಮೂರನೆಯ ಆಯಾಮವೆಂದು ಘೋಷಿಸಿತು. ಕುವೆಂಪು ಅದನ್ನು ಅಂಗವೆಂದು ಕರೆದು ಆಗಲೇ ಸುಮಾರು ಎರಡು ದಶಕಗಳಾಗಿದ್ದವು.

ಘೋಷಣೆ ಬೇರೆ, ರೂಢಿ ಬೇರೆ. ಅಧ್ಯಾಪಕರ ಬಡ್ತಿಗೆ ಅಂಕಗಳ ಪದ್ಧತಿ 2010ರಲ್ಲಿ ಬಂದಾಗ ಸಂಶೋಧನಾ ಪತ್ರಿಕೆಗಳಲ್ಲಿ ಬರುವ ಲೇಖನಗಳಿಗೆ ಹೆಚ್ಚಿನ ತೂಕ ಸಿಕ್ಕಿತು. ಲೋಕಾಪುರದ ಸಭೆಯಲ್ಲಿ ನೂರು ಜನರಿಗೆ ಮಣ್ಣಿನ ಸವಳಿನ ಬಗ್ಗೆ ತಿಳಿಹೇಳುವ ಅಧ್ಯಾಪಕನಿಗಿಂತ ಹತ್ತು ಜನರೂ ಓದದ ಲೇಖನ ಬರೆದವನು ಮುಂದೆ ಹೋಗುವುದು ಸಾಧ್ಯವಾಯಿತು. ನ್ಯಾಕ್ ಮೌಲ್ಯಮಾಪನದಲ್ಲಿ ವಿಸ್ತರಣೆಗೂ ಸ್ಥಾನವಿದೆ ನಿಜ. ಆದರೆ ಫೋಟೊ, ಹಾಜರಿ ಪಟ್ಟಿ, ಪ್ರಮಾಣಪತ್ರಗಳ ಕಡತ ತುಂಬಿಸುವುದಕ್ಕೇ ಕಾರ್ಯಕ್ರಮ ನಡೆಯುವ ಅಪಾಯವೂ ಅದರ ಜೊತೆಗೇ ಬಂತು. ಗೋಡೆಯ ಮೇಲೆ ಉಳಿದ ಚಿತ್ರಪಟಗಳ ಮುಂದೆ ರಾಚ್‌ಡೇಲ್‌ನ ಕಾರ್ಮಿಕರು ನಡೆಸಿದಂಥ ಚರ್ಚೆ ಯಾವ ಕಡತಕ್ಕೂ ಸೇರುವಂಥದಲ್ಲ.

ಇದಕ್ಕೆಲ್ಲ ಅಧ್ಯಾಪಕರನ್ನಷ್ಟೇ ದೂರುವುದು ಸರಿಯಲ್ಲ. ಕಾಯಂ ಹುದ್ದೆಗಳು ಖಾಲಿ ಉಳಿದು, ಅತಿಥಿ ಉಪನ್ಯಾಸಕರ ಮೇಲೆಯೇ ತರಗತಿಗಳು ನಡೆಯುವ ಕಡೆ ಊರಿಗೆ ಹೋಗಿ ಮಾತಾಡಲು ಯಾರಿಗೆ ಬಿಡುವು, ಯಾರಿಗೆ ಭರವಸೆ? ಕಣವಿಯವರಿಗೆ ಒಂದು ವಿಭಾಗ, ಒಂದು ಹುದ್ದೆ, ಮೂರು ದಶಕಗಳ ಅವಕಾಶ ಇತ್ತು ಎಂಬುದನ್ನು ಮರೆಯಬಾರದು.

ಬಾಗಲಕೋಟೆ ಜಿಲ್ಲೆಯಲ್ಲಿ ಹೇಳುವುದಕ್ಕೂ ಕೇಳುವುದಕ್ಕೂ ವಿಷಯಗಳಿಗೆ ಬರವಿಲ್ಲ. ಕಬ್ಬಿನ ಗದ್ದೆಗಳ ಸವಳು, ರಬಕವಿ-ಬನಹಟ್ಟಿಯ ಮಗ್ಗಗಳ ಕಷ್ಟ, ಕೃಷ್ಣೆಯ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಬೀಳಗಿಯಂಥ ಕಡೆಯ ಜನರ ನೆನಪು, ಲೋಕಾಪುರ ಸುತ್ತಲಿನ ಸುಣ್ಣಕಲ್ಲಿನ ಗಣಿ, ಪಾರಿಜಾತದ ಆಟ, ಊರೂರಿನ ಶಾಸನಗಳು ಎಲ್ಲವೂ ಅಧ್ಯಯನಕ್ಕೆ ಕಾದಿವೆ. ಇವುಗಳ ಬಗ್ಗೆ ಬಲ್ಲವರು ಆಯಾ ಊರುಗಳಲ್ಲೇ ಇದ್ದಾರೆ. ಅವರ ಬಳಿಗೆ ಹೋಗಿ ಕೇಳಿ, ಕಲಿತದ್ದನ್ನು ಅವರಿಗೇ ತಿಳಿಯುವ ಮಾತಿನಲ್ಲಿ ಮರಳಿ ಒಪ್ಪಿಸುವ ಕೆಲಸವನ್ನು ಒಂದು ಸಣ್ಣ ವಿಶ್ವವಿದ್ಯಾಲಯವೂ ಮಾಡಬಹುದು. ಅದಕ್ಕೆ ಬೇಕಾದದ್ದು ದೊಡ್ಡ ಕಟ್ಟಡಕ್ಕಿಂತ ಹೆಚ್ಚಾಗಿ ಒಬ್ಬ ಹೊಣೆಗಾರ, ಒಂದಿಷ್ಟು ಹಣ, ತಪ್ಪದ ಒಂದು ವೇಳಾಪಟ್ಟಿ.

ಸಾಲೋಟಗಿಯ ಜನ ತಮ್ಮ ಮನೆಯ ಮದುವೆಯಲ್ಲಿ ಶಾಲೆಗೆ ಪಾಲು ಎತ್ತಿಟ್ಟದ್ದು ಆ ಶಾಲೆ ತಮ್ಮದೆಂಬ ಅಭಿಮಾನದಿಂದ. ಇಂದಿನ ವಿಶ್ವವಿದ್ಯಾಲಯಗಳ ಬಗ್ಗೆ ಜನರಲ್ಲಿ ಅಂಥ ಅಭಿಮಾನ ಹುಟ್ಟಬೇಕಾದರೆ ಮೊದಲ ಹೆಜ್ಜೆ ಇಡಬೇಕಾದವರು ಯಾರು ಎಂಬುದನ್ನು ಈ ನಾಡಿನ ಅನುಭವವೇ ಹೇಳುತ್ತದೆ. ಮುಚ್ಚುವ ಮಾತು ಮತ್ತೆ ಎಂದಾದರೂ ಬಂದಾಗ ಕೇವಲ ನೌಕರರು, ವಿದ್ಯಾರ್ಥಿಗಳಷ್ಟೇ ಅಲ್ಲದೆ ಊರೂ ಬೇಡವೆನ್ನುವಂತಾದರೆ, ಮೂರನೆಯ ಅಂಗಕ್ಕೆ ಜೀವವಿದೆ ಎಂದು ತಿಳಿಯಬಹುದು.